ಆಕಾಶದಲ್ಲಿಯೂ ಚಿಕ್ಕವರಿಗೆ ದಾರಿ ಬೇಕು

ಮೊನ್ನೆ ಸಿಂಧನೂರಿನ ಅಕ್ಕಿ ಗಿರಣಿಯೊಂದರ ಮುಂದೆ, ಪಾಳಿ ಬಿಟ್ಟ ಹೊತ್ತಿನಲ್ಲಿ, ವಿಮಾನ ಅಪಘಾತಗಳ ಮಾತು ಬಂದಿತು. ಹಮಾಲಿ ಮಾಡುವ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಮಾಸ್ತರ್ರೀ, ವಿಮಾನಕ್ಕ ವಿಮಾನ ಬಡದ್ರ ನಮಗೇನಾಗಬೇಕ್ರೀ? ನಾವೇನು ಅದರಾಗ ಕುಂತು ಹೋಗೋರೇನ್ರೀ?" ಪ್ರಶ್ನೆ ನ್ಯಾಯವಾದದ್ದೇ. ಬಸ್ಸಿನ ಚಾರ್ಜೇ ಭಾರವಾಗಿರುವ ದುಡಿಮೆಗಾರನಿಗೆ ಆಕಾಶದ ಚಿಂತೆ ಏತಕ್ಕೆ? ಅಲ್ಲಿ ನಾವು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

1978ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯೇಗೊ ನಗರದ ಮೇಲೆ ದೊಡ್ಡ ಪ್ರಯಾಣಿಕ ವಿಮಾನವೊಂದೂ ತರಬೇತಿಗೆಂದು ಹಾರುತ್ತಿದ್ದ ಚಿಕ್ಕ ಸೆಸ್ನಾ ವಿಮಾನವೊಂದೂ ಡಿಕ್ಕಿ ಹೊಡೆದವು. ಸತ್ತವರು 144 ಮಂದಿ. ಅವರಲ್ಲಿ 7 ಮಂದಿ ಯಾವ ವಿಮಾನವನ್ನೂ ಹತ್ತಿದವರಲ್ಲ, ಕೆಳಗೆ ನೆಲದ ಮೇಲಿದ್ದವರು. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್ ಎಂಬಲ್ಲಿ ಅದೇ ಬಗೆಯ ಡಿಕ್ಕಿಯಾಯಿತು. ಸತ್ತವರು 82 ಮಂದಿ, ಅವರಲ್ಲಿ 15 ಮಂದಿ ನೆಲದ ಮೇಲಿದ್ದವರು. ಆಕಾಶದಲ್ಲಿ ಒಡೆದದ್ದು ಬೀಳುವುದು ನೆಲಕ್ಕೇ. ಅದು ಟಿಕೆಟು ಕೊಂಡವರ ಮನೆ ಯಾವುದು, ಕೊಳ್ಳದವರ ಮನೆ ಯಾವುದು ಎಂದು ನೋಡಿ ಬೀಳುವುದಿಲ್ಲ.

ಈ ಎರಡೂ ಡಿಕ್ಕಿಗಳು ನಡೆದದ್ದು ನಿಚ್ಚಳ ಹಗಲಿನಲ್ಲಿ. ಅಷ್ಟು ದೊಡ್ಡ ಆಕಾಶದಲ್ಲಿ ಒಬ್ಬರಿಗೊಬ್ಬರು ಕಾಣಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ರಸ್ತೆಯನ್ನು ನೆನೆಯಿರಿ. ಭತ್ತದ ಟ್ರಾಕ್ಟರು, ಎತ್ತಿನ ಬಂಡಿ, ಸೈಕಲ್ಲು, ಎಕ್ಸ್‌ಪ್ರೆಸ್ ಬಸ್ಸು ಎಲ್ಲವೂ ಒಂದೇ ರಸ್ತೆಯಲ್ಲಿ ಓಡಾಡುತ್ತವೆ. ಅಲ್ಲಿ ಕಣ್ಣಿಗೆ ಕಂಡದ್ದನ್ನು ತಪ್ಪಿಸಿಕೊಂಡು ಹೋಗಬಹುದು. ಆಕಾಶದ ಲೆಕ್ಕ ಬೇರೆ. ಚಿಕ್ಕ ವಿಮಾನ ತಾಸಿಗೆ 180 ಕಿಲೋಮೀಟರ್ ವೇಗದಲ್ಲಿಯೂ, ಇಳಿಯಲು ಬರುವ ದೊಡ್ಡ ವಿಮಾನ 450 ಕಿಲೋಮೀಟರ್ ವೇಗದಲ್ಲಿಯೂ ಎದುರುಬದುರಾದರೆ, ಎರಡು ಕಿಲೋಮೀಟರ್ ದೂರದಿಂದ ಕಂಡರೂ ಉಳಿಯುವುದು ಸುಮಾರು 11 ಸೆಕೆಂಡು. ನೋಡಿ, ಅರಿತು, ವಿಮಾನವನ್ನು ತಿರುಗಿಸಲು ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಇನ್ನೊಂದು ಕಷ್ಟವಿದೆ. ಡಿಕ್ಕಿಯ ದಾರಿಯಲ್ಲಿ ಬರುವ ವಿಮಾನ ಗಾಜಿನ ಮೇಲೆ ಅತ್ತಿತ್ತ ಸರಿಯುವುದಿಲ್ಲ. ಒಂದೇ ಜಾಗದಲ್ಲಿ ಚುಕ್ಕೆಯಂತೆ ನಿಂತಿದ್ದು, ಕೊನೆಯ ಕ್ಷಣದಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ಸರಿದಾಡುವುದನ್ನು ಕಣ್ಣು ಬೇಗ ಹಿಡಿಯುತ್ತದೆ, ನಿಂತದ್ದನ್ನು ಹಿಡಿಯುವುದಿಲ್ಲ. ಆದ್ದರಿಂದ 'ಕಣ್ಣು ಬಿಟ್ಟು ಓಡಿಸಬೇಕಿತ್ತು' ಎಂದು ಸತ್ತ ಚಾಲಕನ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚುವುದು ನ್ಯಾಯವಲ್ಲ.

ಹಾಗಾದರೆ ಉಪಾಯವೇನು? ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು ನಮ್ಮ ಜನ ಬಲ್ಲರು. ಗಣಿಯೊಳಕ್ಕೆ ಕೇಜು ಇಳಿಸುವವನಿಗೆ ಒಳಗಿನ ಕಾರ್ಮಿಕ ಕಾಣುವುದಿಲ್ಲ, ಸಂಜ್ಞೆಯೇ ಅವನಿಗೆ ಆಧಾರ. ಆಕಾಶದಲ್ಲಿಯೂ ಅಂಥ ಸಂಜ್ಞೆ ಇದೆ. ಟ್ರಾನ್ಸ್‌ಪಾಂಡರ್ ಎಂಬ ಯಂತ್ರವು 'ನಾನು ಇಲ್ಲಿದ್ದೇನೆ, ಇಷ್ಟು ಎತ್ತರದಲ್ಲಿದ್ದೇನೆ' ಎಂದು ಉತ್ತರ ಕೊಡುತ್ತದೆ. ದೊಡ್ಡ ವಿಮಾನದಲ್ಲಿರುವ ಇನ್ನೊಂದು ಯಂತ್ರ ಆ ಉತ್ತರವನ್ನು ಕೇಳಿ, ಅಪಾಯ ಕಂಡರೆ 'ಮೇಲೇರು' ಅಥವಾ 'ಕೆಳಗಿಳಿ' ಎಂದು ಚಾಲಕನಿಗೆ ಹೇಳುತ್ತದೆ. ಸೆರಿಟೋಸಿನ ಚಿಕ್ಕ ವಿಮಾನದ ಯಂತ್ರ ತನ್ನ ಎತ್ತರವನ್ನು ಹೇಳುವಂಥದ್ದಾಗಿರಲಿಲ್ಲ, ದೊಡ್ಡ ವಿಮಾನದಲ್ಲಿ ಎಚ್ಚರಿಸುವ ಯಂತ್ರವೇ ಇರಲಿಲ್ಲ. ನಮ್ಮ ದೇಶದಲ್ಲಿ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿ ಹೊಡೆದು 349 ಜನ ಸತ್ತ ಮೇಲೆ ಈ ಎಚ್ಚರಿಕೆಯ ಯಂತ್ರವನ್ನು ಪ್ರಯಾಣಿಕ ವಿಮಾನಗಳಿಗೆ ಕಡ್ಡಾಯ ಮಾಡಿದರು. ಹೆಣ ಬಿದ್ದ ಮೇಲೆ ಕಾನೂನು ಏಳುವುದು ಗಿರಣಿಯಲ್ಲಿಯೂ ಉಂಟು, ಗಗನದಲ್ಲಿಯೂ ಉಂಟು.

ಆದರೆ ಯಂತ್ರವೊಂದೇ ಸಾಲದು. ಯಂತ್ರದ ಮುಂದೆ ಕೂಡುವ ಕಾರ್ಮಿಕನೊಬ್ಬನಿದ್ದಾನೆ, ಅವನೇ ವಿಮಾನ ಸಂಚಾರದ ನಿಯಂತ್ರಕ. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗೆನ್ ಎಂಬಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 71 ಜನ ಸತ್ತರು, ಅವರಲ್ಲಿ 52 ಮಂದಿ ಮಕ್ಕಳು. ಆ ರಾತ್ರಿ ಸ್ವಿಟ್ಜರ್ಲೆಂಡಿನ ಕೇಂದ್ರದಲ್ಲಿ ಒಬ್ಬನೇ ನಿಯಂತ್ರಕ ಎರಡು ಮೇಜುಗಳ ಕೆಲಸ ನೋಡುತ್ತಿದ್ದನು. ದುರಸ್ತಿಗೆಂದು ದೂರವಾಣಿಯನ್ನು ನಿಲ್ಲಿಸಿದ್ದರು, ರಾಡಾರ್ ಅರೆಬರೆಯಾಗಿತ್ತು. ಒಂದು ವಿಮಾನಕ್ಕೆ ಯಂತ್ರ 'ಮೇಲೇರು' ಎಂದಿತು, ಅವನು 'ಕೆಳಗಿಳಿ' ಎಂದನು. ಒಬ್ಬನ ಮೇಲೆ ಇಬ್ಬರ ದುಡಿಮೆ ಹೇರಿದವರು ಯಾರು? 2007ರಲ್ಲಿ ಅಲ್ಲಿನ ನ್ಯಾಯಾಲಯ ಆ ಸಂಸ್ಥೆಯ ನಾಲ್ವರು ವ್ಯವಸ್ಥಾಪಕರನ್ನು ಅಪರಾಧಿಗಳೆಂದು ಸಾರಿತು. ಗಿರಣಿ ಕಾರ್ಮಿಕರು ಈ ತೀರ್ಪನ್ನು ನೆನಪಿನಲ್ಲಿಡಬೇಕು.

ನಮ್ಮ ನಾಡಿನಲ್ಲಿಯೂ ಪಾಠವಾಗಿದೆ. 2022ರ ಜನವರಿ 7ರಂದು ಬೆಂಗಳೂರಿನಲ್ಲಿ ಎರಡು ಪ್ರಯಾಣಿಕ ವಿಮಾನಗಳು ಅಕ್ಕಪಕ್ಕದ ಓಡುದಾರಿಗಳಿಂದ ಏಕಕಾಲಕ್ಕೆ ಮೇಲೆದ್ದು ಒಂದರ ಕಡೆಗೆ ಒಂದು ವಾಲಿದವು. ರಾಡಾರ್ ಮುಂದಿದ್ದ ನಿಯಂತ್ರಕರು ಕಂಡು ಎರಡನ್ನೂ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ನೂರಾರು ಜೀವಗಳು ಉಳಿದವು. ಎಚ್ಚರವಿದ್ದ ಒಬ್ಬ ನೌಕರನ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ಚಿಕ್ಕ ವಿಮಾನಗಳ ವಿಷಯಕ್ಕೆ ಬರೋಣ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಪಕ್ಕದಲ್ಲಿ ಯಲಹಂಕದ ವಾಯುಪಡೆ ನೆಲೆ, ಉತ್ತರಕ್ಕೆ 2008ರಲ್ಲಿ ತೆರೆದ ದೇವನಹಳ್ಳಿಯ ನಿಲ್ದಾಣ, ದಕ್ಷಿಣಕ್ಕೆ ಎಚ್.ಎ.ಎಲ್. ನಿಲ್ದಾಣ. ಕಲಬುರಗಿಯ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. 2021ರಲ್ಲಿ ದೇಶದ ಐದು ನಿಲ್ದಾಣಗಳಲ್ಲಿ ಹಾರಾಟದ ಶಾಲೆಗಳಿಗೆ ಜಾಗ ಕೊಡಲು ವಿಮಾನ ನಿಲ್ದಾಣ ಪ್ರಾಧಿಕಾರ ನಿರ್ಧರಿಸಿದಾಗ, ಅವುಗಳಲ್ಲಿ ಬೆಳಗಾವಿಯೂ ಕಲಬುರಗಿಯೂ ಇದ್ದವು. ಅಂದರೆ ಕಲಿಯುವವನ ಚಿಕ್ಕ ವಿಮಾನವೂ ಪ್ರಯಾಣಿಕರ ದೊಡ್ಡ ವಿಮಾನವೂ ಒಂದೇ ಓಡುದಾರಿಯನ್ನು ಹಂಚಿಕೊಳ್ಳಬೇಕು. ರಾಯಚೂರಿನ ಯರಮರಸ್‌ನಲ್ಲಿಯೂ ನಿಲ್ದಾಣದ ಯೋಜನೆಯಿದೆ. ನಾಳೆ ಈ ಪ್ರಶ್ನೆ ನಮ್ಮ ಭತ್ತದ ಗದ್ದೆಗಳ ಮೇಲೆಯೇ ಏಳುತ್ತದೆ.

'ಚಿಕ್ಕ ವಿಮಾನಗಳನ್ನು ಓಡಿಸಿಬಿಡಿ, ಅಪಾಯ ತಪ್ಪುತ್ತದೆ' ಎಂದು ಕೆಲವರು ಹೇಳುತ್ತಾರೆ. ಈ ಮಾತನ್ನು ನಾವು ಬಲ್ಲೆವು. ರಸ್ತೆ ಅಗಲ ಮಾಡುವಾಗ ಮೊದಲು ಎತ್ತುವುದು ತಳ್ಳುಬಂಡಿಯನ್ನೇ ಅಲ್ಲವೇ? ದೊಡ್ಡ ವಿಮಾನ ನಡೆಸುವವನು ಕಲಿಯುವುದು ಚಿಕ್ಕದರಲ್ಲಿ. ಅದನ್ನು ಮೂಲೆಗೊತ್ತಿದರೆ ಹಣವಂತರ ಮಕ್ಕಳು ಹೊರದೇಶದಲ್ಲಿ ಕಲಿತು ಬರುತ್ತಾರೆ, ಗಿರಣಿ ಕಾರ್ಮಿಕನ ಮಗನಿಗೆ ಮಗಳಿಗೆ ಬಾಗಿಲು ಮುಚ್ಚುತ್ತದೆ. ಹಾಗೆಂದು ಚಿಕ್ಕವರಿಗೆ ನಿಯಮವೇ ಬೇಡವೆಂದು ನಾವು ಹೇಳುವುದಿಲ್ಲ. ಸೆರಿಟೋಸಿನ ಚಿಕ್ಕ ವಿಮಾನ ಅನುಮತಿ ಪಡೆಯದೆ ದೊಡ್ಡ ವಿಮಾನಗಳ ವಲಯವನ್ನು ಹೊಕ್ಕಿತ್ತು. ದೀಪವಿಲ್ಲದ ಬಂಡಿ ಬಡವನದಾದರೂ ಅಪಾಯವೇ. ಅವನಿಗೆ ದೀಪ ಸಿಗುವಂತೆ ಮಾಡಬೇಕು, ಬಂಡಿಯನ್ನು ಕಸಿದುಕೊಳ್ಳಬಾರದು.

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಒಂದು, ಎತ್ತರವನ್ನು ಹೇಳುವ ಸಂಜ್ಞೆಯ ಯಂತ್ರವಿಲ್ಲದೆ ಯಾವ ತರಬೇತಿ ವಿಮಾನವೂ ಪ್ರಯಾಣಿಕ ವಿಮಾನಗಳ ಬಳಿ ಹಾರಬಾರದು, ಅದರ ಖರ್ಚು ವಿದ್ಯಾರ್ಥಿಯ ಶುಲ್ಕದ ಮೇಲೆ ಬೀಳದಂತೆ ಸರ್ಕಾರ ನೋಡಬೇಕು. ಎರಡು, ತರಬೇತಿಯೂ ಪ್ರಯಾಣವೂ ನಡೆಯುವ ನಿಲ್ದಾಣದಲ್ಲಿ ಸಾಕಷ್ಟು ನಿಯಂತ್ರಕರಿರಬೇಕು, ಒಬ್ಬನಿಂದ ಇಬ್ಬರ ಪಾಳಿ ಮಾಡಿಸಕೂಡದು. ಮೂರು, ಕೂದಲೆಳೆಯಲ್ಲಿ ತಪ್ಪಿದ ಪ್ರತಿಯೊಂದು ಅಪಾಯವನ್ನೂ ಜನರ ಮುಂದೆ ಇಡಬೇಕು, ಅದನ್ನು ತಾನಾಗಿ ವರದಿ ಮಾಡಿದ ನೌಕರನಿಗೆ ಶಿಕ್ಷೆಯ ಭಯ ಇರಬಾರದು.

1915ರಲ್ಲಿ ನಮ್ಮ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನದಲ್ಲಿ, ಶ್ರೇಯಸ್ಸು ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ದೊರೆಯತಕ್ಕದ್ದು, ಇದನ್ನು ಇಬ್ಬರಿಗೂ ತಿಳಿಸಬೇಕು ಎಂಬ ಅಭಿಪ್ರಾಯವಿದೆ. ಆ ಬಂಡೆಯ ನೆರಳಿನಲ್ಲಿ ಬಾಳುವ ನಾವು ನೆಲದ ಮೇಲೆ ಕೇಳುವ ನ್ಯಾಯವನ್ನೇ ಆಕಾಶದಲ್ಲಿಯೂ ಕೇಳುತ್ತೇವೆ. ಗಿರಣಿಯ ಮುಂದೆ ಪ್ರಶ್ನೆ ಕೇಳಿದ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ: ನೀವು ವಿಮಾನ ಹತ್ತದಿರಬಹುದು, ಆದರೆ ಅದು ಹಾರುವುದು ನಿಮ್ಮ ಮನೆಯ ಮೇಲೆ.