ಕಾಕಾ ಆಸ್ಪತ್ರೆ ಸೇರಿದ್ರು, ನಮ್ಮ ಆಫೀಸಿನ ನೆನಪೂ ಜೊತೆಗೇ ಹೋಯ್ತು

ಹುಬ್ಬಳ್ಳಿಯ ಒಂದು ಸಣ್ಣ ವಕೀಲರ ಕಚೇರಿಯಲ್ಲಿ ನಾನು ಜೂನಿಯರ್. ಒಟ್ಟು ಐದು ಜನ ಇದ್ದೀವಿ: ನಮ್ಮ ಸೀನಿಯರ್, ಮೂವರು ಜೂನಿಯರ್‌ಗಳು, ಮತ್ತೆ ಕಾಕಾ. ಕಾಕಾ ಅಂದ್ರೆ ನಮ್ಮ ಕ್ಲಾರ್ಕ್. ಈ ಕಚೇರಿಗೆ ಬಂದು ಅವರಿಗೆ ಮೂವತ್ತು ವರ್ಷ ಆಯ್ತು. ಯಾವ ಫೈಲ್ ಯಾವ ಕಪಾಟಿನಲ್ಲಿದೆ, ಯಾವ ಕಕ್ಷಿದಾರ ಯಾವ ಊರಿನವನು, ಯಾವ ಕೋರ್ಟಿನ ನಕಲು ವಿಭಾಗದಲ್ಲಿ ಯಾವ ಅರ್ಜಿ ಕೂತಿದೆ, ಎಲ್ಲವೂ ಅವರ ತಲೆಯಲ್ಲಿ. ಜೊತೆಗೆ ಕೆಂಪು ರಟ್ಟಿನ ಒಂದು ಡೈರಿ, ಹೆಗಲಿಗೆ ಒಂದು ಬಟ್ಟೆಚೀಲ.

ನಾನು ಸೇರಿದ ಹೊಸದರಲ್ಲಿ ಎಲ್ಲ ಕೇಸುಗಳನ್ನೂ ಕಂಪ್ಯೂಟರಿಗೆ ಹಾಕೋಣ ಅಂದಿದ್ದೆ. ಕಾಕಾ ನಕ್ಕುಬಿಟ್ಟರು. "ತಂಗಿ, ಫೈಲ್ ಎಲ್ಲಿ ಐತಿ ಅಂತ ನನಗ ಗೊತ್ತೈತಿ. ನಿನ್ನ ಕಂಪ್ಯೂಟರಿಗೆ ಯಾಕ ಹೇಳಬೇಕು?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ಕಳೆದ ಮಳೆಗಾಲದಲ್ಲಿ. ಕಾಕಾ ಬೈಕಿನಿಂದ ಬಿದ್ದು ಸೊಂಟದ ಆಪರೇಷನ್ ಆಗಿ ಆಸ್ಪತ್ರೆ ಸೇರಿದರು. ನಾವೆಲ್ಲ ಹಣ್ಣು ತಗೊಂಡು ಹೋಗಿ ನೋಡಿಕೊಂಡು ಬಂದೆವು. ಕೆಲಸ ಹೇಗೋ ನಡೀತಿದೆ ಅಂದುಕೊಂಡಿದ್ದೆವು.

ಒಂದು ದಿನ ಮಧ್ಯಾಹ್ನ ಫೋನ್ ಬಂತು. ಕಲಘಟಗಿ ಕಡೆಯ ಒಬ್ಬ ಹೆಣ್ಣುಮಗಳು. ಅಣ್ಣತಮ್ಮಂದಿರ ವಿರುದ್ಧ ಹೂಡಿದ್ದ ಪಾಲಿನ ದಾವೆ ಸಿವಿಲ್ ಕೋರ್ಟಿನಲ್ಲಿ ಸೋತಿತ್ತು. ಮೂರು ಎಕರೆ ಜಮೀನಿನ ಪ್ರಶ್ನೆ. "ಮೇಡಮ್ಮಾರ, ನಮ್ಮ ಅಪೀಲ್ ಹಾಕೀರಿಲ್ರಿ?"

ನಾನು ಕಪಾಟು ಹುಡುಕಿದೆ, ಮೇಜು ಹುಡುಕಿದೆ. ಅಪೀಲ್ ಹಾಕಿರಲಿಲ್ಲ. ತೀರ್ಪಿನ ದೃಢೀಕೃತ ನಕಲು ನಮ್ಮ ಆಫೀಸಿನಲ್ಲೇ ಇರಲಿಲ್ಲ. ಅದು ಕಾಕಾನ ಮನೆಯಲ್ಲಿ, ಗೂಟಕ್ಕೆ ನೇತುಹಾಕಿದ್ದ ಬಟ್ಟೆಚೀಲದಲ್ಲಿತ್ತು. ಬೀಳುವ ಹಿಂದಿನ ದಿನವಷ್ಟೇ ಕೋರ್ಟಿನಿಂದ ತಂದಿದ್ದರು. ಸಿವಿಲ್ ಕೋರ್ಟಿನ ಡಿಕ್ರಿ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲ್ ಹೋಗಲು ಇರುವುದು 30 ದಿನ. ನಕಲಿಗೆ ಅರ್ಜಿ ಹಾಕಿ ಅದು ಸಿಗುವವರೆಗಿನ ಕಾಲವನ್ನು ಅದರಲ್ಲಿ ಕಳೆಯಬಹುದು. ನಕಲಿನ ಮೇಲಿನ ಮೊಹರು ನೋಡಿ ಲೆಕ್ಕ ಹಾಕಿದೆವು. ಗಡುವು ಮುಗಿದು ಒಂಬತ್ತು ದಿನ ಆಗಿತ್ತು.

ಸೀನಿಯರ್ ಕಾಕಾನ ಮೇಲೆ ಒಂದು ಮಾತೂ ಆಡಲಿಲ್ಲ. ಆ ಹೆಣ್ಣುಮಗಳನ್ನು ಕರೆಸಿ, ಕೂರಿಸಿ, ತಪ್ಪು ನಮ್ಮದು ಅಂತ ನೇರವಾಗಿ ಹೇಳಿದರು. ವಿಳಂಬ ಮನ್ನಿಸಿ ಅಂತ ಅರ್ಜಿ ಹಾಕಿದೆವು. ಎದುರು ಪಕ್ಷದವರು ಜೋರಾಗಿಯೇ ತಕರಾರು ಮಾಡಿದರು. ಕೋರ್ಟು ಖರ್ಚು ಕಟ್ಟಿಸಿ ಮನ್ನಿಸಿತು. ಖರ್ಚನ್ನು ಸೀನಿಯರ್ ತಮ್ಮ ಜೇಬಿನಿಂದ ಕೊಟ್ಟರು. ಆದರೆ ಆ ಅರ್ಜಿಯ ಆದೇಶ ಬರುವವರೆಗೆ ಆಕೆ ಪ್ರತಿ ಸೋಮವಾರ ಫೋನ್ ಮಾಡ್ತಿದ್ದರು. ಆ ಫೋನ್ ಎತ್ತುವಾಗ ನನ್ನ ಕೈ ನಡುಗ್ತಿತ್ತು. ಅದನ್ನು ನಾನು ಮರೆಯಲ್ಲ.

ಇದಾದ ಮೇಲೆ ಸೀನಿಯರ್ ತಾವಾಗಿಯೇ ಅಂದರು, "ಟೆಕ್ನಾಲಜಿ ಮಾಡ್ಸಿಬಿಡೋಣ." ವಾರದೊಳಗೆ ಒಬ್ಬ ಸಾಫ್ಟ್‌ವೇರ್ ಮಾರಾಟಗಾರ ಲ್ಯಾಪ್‌ಟಾಪ್ ಹಿಡಿದು ಬಂದ. ಕೃತಕ ಬುದ್ಧಿಮತ್ತೆ ನಿಮ್ಮ ಡ್ರಾಫ್ಟ್ ಬರೆಯುತ್ತೆ, ತೀರ್ಪು ಹುಡುಕುತ್ತೆ, ಬಣ್ಣಬಣ್ಣದ ಚಾರ್ಟ್ ತೋರಿಸುತ್ತೆ ಅಂದ. ನಾನು ಒಂದೇ ಪ್ರಶ್ನೆ ಕೇಳಿದೆ: "ನಮ್ಮ ಕ್ಲಾರ್ಕ್ ಆಸ್ಪತ್ರೆಯಲ್ಲಿದ್ದಾಗ, ಕಾಪಿ ಬಂದಿದೆ, ಅಪೀಲಿಗೆ ಇಷ್ಟೇ ದಿನ ಉಳಿದಿದೆ ಅಂತ ಇದು ಹೇಳುತ್ತಾ?" ಆತ ಸ್ವಲ್ಪ ಯೋಚಿಸಿ, "ನೀವು ಎಂಟ್ರಿ ಮಾಡಿದ್ರೆ ಹೇಳುತ್ತೆ ಮೇಡಂ" ಅಂದ.

ಅವನು ಹೇಳಿದ್ದು ನಿಜ. ಎಂಟ್ರಿ ಮಾಡೋರು ಯಾರು, ಯಾವಾಗ, ಅದನ್ನು ಪರೀಕ್ಷಿಸೋರು ಯಾರು ಅನ್ನೋದು ತೀರ್ಮಾನ ಆಗದೆ ಎಷ್ಟು ದುಡ್ಡು ಸುರಿದರೂ ಕೆಂಪು ಡೈರಿಯ ಜಾಗಕ್ಕೆ ಒಂದು ದುಬಾರಿ ಡೈರಿ ಬಂದು ಕೂರುತ್ತೆ, ಅಷ್ಟೇ. ಹಾಗಾಗಿ ಸಾಫ್ಟ್‌ವೇರ್ ಖರೀದಿ ಮುಂದಕ್ಕೆ ಹಾಕಿ, ಮೂರು ತಿಂಗಳು ನಾವೇ ಕೈಯಾರೆ ಕೆಲಸ ಮಾಡಿದೆವು. ಏನೇನು ಮಾಡಿದೆವು ಅಂತ ಹೇಳ್ತೀನಿ, ಬೇರೆ ಸಣ್ಣ ಕಚೇರಿಗಳಿಗೂ ಉಪಯೋಗ ಆಗಬಹುದು.

ಮೊದಲ ಕೆಲಸ, ಕೇಸುಗಳ ಪಟ್ಟಿ. ನಮ್ಮ ದೇಶದ ಕೋರ್ಟುಗಳು ಈ ವಿಷಯದಲ್ಲಿ ನಮಗಿಂತ ಮುಂದಿವೆ. ಇ-ಕೋರ್ಟ್ಸ್ ಯೋಜನೆ ಶುರುವಾಗಿದ್ದು 2007ರಲ್ಲಿ. ಅದರ ಮೂರನೇ ಹಂತಕ್ಕೆ 2023ರಲ್ಲಿ ಕೇಂದ್ರ ಸಂಪುಟ 7,210 ಕೋಟಿ ರೂಪಾಯಿ ಮಂಜೂರು ಮಾಡಿದೆ. ಜಿಲ್ಲಾ, ತಾಲೂಕು ಕೋರ್ಟುಗಳ ಪ್ರತಿ ಕೇಸಿಗೂ ಸಿಎನ್‌ಆರ್ ಅಂತ 16 ಅಕ್ಷರ-ಅಂಕಿಗಳ ಒಂದು ಸಂಖ್ಯೆ ಇದೆ. ರಾಜ್ಯ, ಜಿಲ್ಲೆ, ಕೋರ್ಟು, ಕ್ರಮಸಂಖ್ಯೆ, ವರ್ಷ ಎಲ್ಲ ಅದರಲ್ಲೇ ಅಡಗಿದೆ. ಇ-ಕೋರ್ಟ್ಸ್ ಸರ್ವೀಸಸ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಮುಂದಿನ ದಿನಾಂಕ, ಹಿಂದಿನ ಆದೇಶ ಎಲ್ಲ ಉಚಿತವಾಗಿ ಸಿಗುತ್ತೆ. ನಾವು ಮೂವರು ಜೂನಿಯರ್‌ಗಳು ಕಪಾಟುಗಳನ್ನು ಹಂಚಿಕೊಂಡು, ಚಾಲ್ತಿಯಲ್ಲಿದ್ದ ಪ್ರತಿ ಫೈಲಿನ ಮೇಲೂ ಸಿಎನ್‌ಆರ್ ಬರೆದು, ಒಂದು ಶೀಟಿನಲ್ಲಿ ಸೇರಿಸಿದೆವು.

ಇಲ್ಲೇ ಒಂದು ಗುಂಡಿ ಇದೆ, ನಾವು ಬಿದ್ದಿದ್ದು ಅದರಲ್ಲೇ. ಕೇಸು ನಡೀತಿರುವಾಗ ಆ್ಯಪ್ ಮುಂದಿನ ದಿನಾಂಕ ತೋರಿಸುತ್ತೆ. ತೀರ್ಪು ಬಂದ ದಿನ "ವಿಲೇವಾರಿ ಆಗಿದೆ" ಅಂತ ತೋರಿಸಿ ಸುಮ್ಮನಾಗುತ್ತೆ. ಕೋರ್ಟಿನ ಮಟ್ಟಿಗೆ ಕೆಲಸ ಮುಗೀತು. ಆದರೆ ಸೋತ ಕಕ್ಷಿದಾರನ ಗಡಿಯಾರ ಓಡೋಕೆ ಶುರುವಾಗೋದೇ ಅವತ್ತು. ಆ ಗಡಿಯಾರವನ್ನು ಆ್ಯಪ್ ತೋರಿಸಲ್ಲ. ಅದನ್ನು ಕಚೇರಿಯೇ ಇಟ್ಟುಕೊಳ್ಳಬೇಕು.

ಅದಕ್ಕೇ ಗಡುವಿಗೆ ಅಂತಲೇ ಬೇರೆ ಕ್ಯಾಲೆಂಡರ್ ಮಾಡಿದೆವು. ತೀರ್ಪು ಬಂದ ದಿನ, ನಕಲಿಗೆ ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊನೆಯ ದಿನ, ಇವು ನಾಲ್ಕು ಕಾಲಂ. ಅಪೀಲ್ ಅಷ್ಟೇ ಅಲ್ಲ. ಸಮನ್ಸ್ ತಲುಪಿದ ಮೇಲೆ ಲಿಖಿತ ಹೇಳಿಕೆಗೆ 30 ದಿನ, ಕೋರ್ಟು ಅವಕಾಶ ಕೊಟ್ಟರೆ 90 ದಿನದವರೆಗೆ. ಡಿಕ್ರಿ ಮೇಲೆ ಹೈಕೋರ್ಟಿಗೆ ಹೋಗೋದಾದರೆ 90 ದಿನ. ಒಬ್ಬರು ಎಂಟ್ರಿ ಮಾಡಿದರೆ ಇನ್ನೊಬ್ಬರು ಲೆಕ್ಕ ಪರೀಕ್ಷಿಸಿ ಸಹಿ ಹಾಕಬೇಕು. 15 ದಿನ, 7 ದಿನ, 3 ದಿನ ಉಳಿದಾಗ ಐವರ ಫೋನಿಗೂ ಗಂಟೆ ಹೊಡೆಯುತ್ತೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಎರಡನೇ ಕೆಲಸ, ಸ್ಕ್ಯಾನಿಂಗ್. ಮೂವತ್ತು ವರ್ಷದ ಕಾಗದ ಎಲ್ಲ ಒಟ್ಟಿಗೆ ಸ್ಕ್ಯಾನ್ ಮಾಡ್ತೀನಿ ಅಂತ ಹೊರಟರೆ ಎರಡೇ ವಾರಕ್ಕೆ ಸುಸ್ತಾಗಿ ಬಿಡ್ತೀರಿ. ಚಾಲ್ತಿ ಕೇಸು ಮೊದಲು, ಹಳೆಯದು ಯಾರಾದರೂ ಕೇಳಿಕೊಂಡು ಬಂದಾಗ. ಪ್ರತಿ ಫೈಲಿನ ಹೆಸರೂ ಒಂದೇ ಕ್ರಮದಲ್ಲಿ: ವರ್ಷ, ಕೇಸಿನ ಸಂಖ್ಯೆ, ಯಾವ ದಾಖಲೆ, ಯಾವ ದಿನಾಂಕ. "ಸ್ಕ್ಯಾನ್ 1", "ಫೈನಲ್", "ಫೈನಲ್ ಹೊಸದು" ಅನ್ನೋ ಹೆಸರುಗಳಿಗೆ ನಮ್ಮಲ್ಲಿ ಈಗ ನಿಷೇಧ. ಮೂಲ ಕ್ರಯಪತ್ರ, ಹಳೆಯ ಹಕ್ಕುಪತ್ರಗಳನ್ನು ಕೋರ್ಟಿಗೆ ಬೇಕಿಲ್ಲದಿದ್ದರೆ ಸ್ಕ್ಯಾನ್ ಮಾಡಿ, ರಸೀದಿ ಬರೆಸಿಕೊಂಡು ಕಕ್ಷಿದಾರರಿಗೇ ವಾಪಸ್ ಕೊಡ್ತೀವಿ.

ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳಿಗೆ ಮಾತ್ರ ಗೊತ್ತಿರುವ ಒಂದು ತಲೆನೋವು ಇದೆ. ನಮ್ಮ ಹಳೆಯ ಡ್ರಾಫ್ಟ್‌ಗಳೆಲ್ಲ ನುಡಿ, ಬರಹದ ಹಳೆಯ ಫಾಂಟುಗಳಲ್ಲಿವೆ. ತೆರೆದರೆ ಕನ್ನಡ ಕಾಣುತ್ತೆ, ಹುಡುಕಿದರೆ ಏನೂ ಸಿಗಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯಾಕಂದ್ರೆ ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಹಾಕಿದ ಕನ್ನಡದ ವೇಷ. ಇನ್ನು ಮುಂದೆ ಎಲ್ಲವೂ ಯೂನಿಕೋಡ್‌ನಲ್ಲೇ ಅಂತ ನಿಯಮ ಮಾಡಿದೆವು. ಬೇಕಾದ ಹಳೆಯ ಡ್ರಾಫ್ಟ್‌ಗಳನ್ನು ಪರಿವರ್ತಿಸಿ, ಚಕ್ಕುಬಂದಿ ಮತ್ತು ಸರ್ವೆ ನಂಬರುಗಳನ್ನು ಮೂಲದ ಜೊತೆ ಇಟ್ಟು ಓದಿ ನೋಡ್ತೀವಿ. ಒಂದು ಅಂಕಿ ತಪ್ಪಿದರೆ ಪಕ್ಕದವರ ಹೊಲ ನಮ್ಮ ದಾವೆಯೊಳಗೆ ಬಂದುಬಿಡುತ್ತೆ.

ಮೂರನೇದು, ಗುಟ್ಟು. ಇದನ್ನು ಬರೆಯೋಕೆ ನನಗೇ ನಾಚಿಕೆ. ಕಕ್ಷಿದಾರರ ಆಧಾರ್, ವೈದ್ಯಕೀಯ ವರದಿ, ವಿಚ್ಛೇದನದ ಅರ್ಜಿ, ಎಲ್ಲ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡ್ತಿತ್ತು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಹೋದ ಜೂನಿಯರ್ ಇನ್ನೂ ಆ ಗುಂಪಿನಲ್ಲೇ ಇದ್ದ! ವಕೀಲರ ಜೊತೆ ಕಕ್ಷಿದಾರ ಆಡಿದ ಮಾತು ಹೊರಗೆ ಹೋಗಬಾರದು ಅನ್ನೋದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ. ಅದು ವಕೀಲರ ಕ್ಲಾರ್ಕ್, ನೌಕರರಿಗೂ ಅನ್ವಯ. ಈಗ ದಾಖಲೆಗಳು ಕಚೇರಿಯ ಹೆಸರಿನ ಒಂದೇ ಖಾತೆಯಲ್ಲಿ ಇರ್ತವೆ. ಎಲ್ಲರಿಗೂ ಪ್ರತ್ಯೇಕ ಲಾಗಿನ್, ಪಾಸ್‌ವರ್ಡ್ ಜೊತೆ ಫೋನಿಗೆ ಬರುವ ಕೋಡ್. ಕೆಲಸ ಬಿಟ್ಟವರ ಲಾಗಿನ್ ಅದೇ ಸಂಜೆ ಬಂದ್.

"ನಮ್ಮಂಥ ಸಣ್ಣವರ ಫೈಲ್ ಯಾರು ಕದೀತಾರೆ?" ಅಂತ ಸೀನಿಯರ್ ಕೇಳಿದ್ದರು. ದೊಡ್ಡವರ ಕಥೆ ಹೇಳಿದೆ. 2016ರಲ್ಲಿ ಪನಾಮಾದ ಮೊಸಾಕ್ ಫೊನ್ಸೆಕಾ ಅನ್ನೋ ಕಾನೂನು ಸಂಸ್ಥೆಯಿಂದ ಸುಮಾರು 1 ಕೋಟಿ 15 ಲಕ್ಷ ದಾಖಲೆ ಸೋರಿಕೆಯಾದವು. ಎರಡು ವರ್ಷದಲ್ಲಿ ಆ ಸಂಸ್ಥೆ ಬಾಗಿಲು ಹಾಕಿತು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯ ಅನ್ನೋ ವೈರಸ್ ಬಂದಾಗ ಡಿಎಲ್‌ಎ ಪೈಪರ್‌ನಂಥ ಜಾಗತಿಕ ಸಂಸ್ಥೆಯ ಇಮೇಲ್, ಫೋನ್‌ಗಳೇ ಸ್ತಬ್ಧವಾದವು. ಆ ವೈರಸ್ ದೊಡ್ಡವರು ಸಣ್ಣವರು ಅಂತ ಆರಿಸಿಕೊಂಡು ಬಂದಿರಲಿಲ್ಲ. ಹಾಗಾಗಿ ಬ್ಯಾಕಪ್‌ನ ಹಳೆಯ ಸೂತ್ರ: ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಕಚೇರಿಯ ಹೊರಗೆ. ತಿಂಗಳಿಗೊಮ್ಮೆ ಒಂದು ಫೈಲನ್ನು ಬ್ಯಾಕಪ್‌ನಿಂದ ತೆಗೆದು ತೆರೆದು ನೋಡ್ತೀವಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಮತ್ತೆ ಆ ಕೃತಕ ಬುದ್ಧಿಮತ್ತೆ? ಬೇಡ ಅಂತಿಲ್ಲ. ಉದ್ದದ ಇಂಗ್ಲಿಷ್ ಆದೇಶದ ಸಾರಾಂಶ ತೆಗೆಯೋಕೆ ಚೆನ್ನಾಗಿದೆ. ಆದರೆ 2023ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ತೆತ್ತರು. ನಮ್ಮಲ್ಲಿ ನಿಯಮ ಸರಳ: ತೀರ್ಪಿನ ಪೂರ್ತಿ ಪ್ರತಿ ಕೈಗೆ ಸಿಕ್ಕು ಓದಿದ ಮೇಲೇ ಅದನ್ನು ಉಲ್ಲೇಖಿಸೋದು. ಕಕ್ಷಿದಾರರ ಹೆಸರು, ದಾಖಲೆ ಅಂಥ ಆ್ಯಪ್‌ಗಳಿಗೆ ಹಾಕೋ ಹಾಗಿಲ್ಲ.

ಕಾಕಾ ಮೂರು ತಿಂಗಳ ಮೇಲೆ ಕೋಲು ಊರಿಕೊಂಡು ಬಂದರು. ಗೋಡೆ ಮೇಲಿನ ಪರದೆಯಲ್ಲಿ ಗಡುವಿನ ಕ್ಯಾಲೆಂಡರ್ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಅವರಿಗೆ ಎಲ್ಲಿ ನೋವಾಯ್ತೋ ಅಂತ ನನಗೆ ಭಯ. ಆಮೇಲೆ ಬೆರಳು ತೋರಿಸಿ ಅಂದರು, "ಇದು ತಪ್ಪೈತಿ ನೋಡ. ನಕಲು ರೆಡಿ ಆದ ದಿನ 12 ಅಲ್ಲ, 11. ಮೊಹರು ಸರಿ ಓದಿಲ್ಲ ನೀವು."

ಮೊಹರು ನೋಡಿದೆವು. 11ನೇ ತಾರೀಖೇ ಇತ್ತು. ಎಂಟ್ರಿ ಮಾಡಿದವಳು ನಾನು, ಪರೀಕ್ಷಿಸಿ ಸಹಿ ಹಾಕಿದವನು ನನ್ನ ಸಹೋದ್ಯೋಗಿ. ಇಬ್ಬರೂ ತಪ್ಪಿದ್ದೆವು.

ಅವತ್ತಿನಿಂದ ಎರಡನೇ ಸಹಿ ಕಾಕಾನದು. ದಿನಾ ಸಂಜೆ ಅರ್ಧ ಗಂಟೆ ಅವರ ಪಕ್ಕ ಕೂತು, ಕೆಂಪು ಡೈರಿಯ ಒಂದೊಂದೇ ಪುಟ ಓದಿಸಿ ಶೀಟಿಗೆ ಏರಿಸ್ತಿದ್ದೀನಿ. ಮೊನ್ನೆ ಕೇಳಿದರು, "ನಾ ಹೇಳಿದ್ದೆಲ್ಲಾ ಇದಕ್ಕ ನೆನಪಿರ್ತೈತೇನು?"

"ಇರ್ತೈತ್ರಿ ಕಾಕಾ. ಆದ್ರ ನೀವು ಹೇಳಬೇಕು."

ಇನ್ನು ಇದನ್ನು ಫೋನಿನಲ್ಲಿ ಓದುತ್ತಿರುವ, ವಕೀಲರಲ್ಲದ ನಿಮಗೊಂದು ಮಾತು. ಊರಲ್ಲಿ ಅಪ್ಪ-ಅಮ್ಮನ ಹೆಸರಲ್ಲಿ ಯಾವುದಾದರೂ ಜಮೀನಿನ ಕೇಸು ಇದ್ದರೆ, ಈ ಭಾನುವಾರ ಫೋನ್ ಮಾಡಿ ಸಿಎನ್‌ಆರ್ ನಂಬರ್ ಕೇಳಿ, ನಿಮ್ಮ ಆ್ಯಪಿಗೆ ಹಾಕಿಕೊಳ್ಳಿ. "ವಿಲೇವಾರಿ ಆಗಿದೆ" ಅಂತ ಕಂಡ ದಿನವೇ ವಕೀಲರಿಗೆ ಫೋನ್ ಮಾಡಿ, ಅಪೀಲಿಗೆ ಕೊನೆಯ ದಿನ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ವಕೀಲರು ಬೇಸರ ಮಾಡಿಕೊಳ್ಳಲ್ಲ. ಕಲಘಟಗಿಯ ಆ ಹೆಣ್ಣುಮಗಳು ಅವತ್ತು ಫೋನ್ ಮಾಡದೇ ಇದ್ದಿದ್ದರೆ ಒಂಬತ್ತು ದಿನ ಹೋಗಿ ತೊಂಬತ್ತಾಗ್ತಿತ್ತು. ಆಕೆಯ ಅಪೀಲು ಈಗ ವಾದದ ಹಂತದಲ್ಲಿದೆ. ಮುಂದಿನ ದಿನಾಂಕ ನಮ್ಮ ಐವರ ಫೋನಿನಲ್ಲೂ ಇದೆ, ಆಕೆಯ ಮಗಳ ಫೋನಿನಲ್ಲೂ ಇದೆ.