ಡೋಲು ಬಡಿದವರ ಹೆಸರಿನಲ್ಲಿ ವಾಕ್ ಸ್ವಾತಂತ್ರ್ಯ

ಅಮೆರಿಕದ ವಾಕ್ ಸ್ವಾತಂತ್ರ್ಯಕ್ಕೆ ಅಡಿಗಲ್ಲು ಹಾಕಿದವರು ಮ್ಯಾಸಚೂಸೆಟ್ಸಿನ ಪ್ಯೂರಿಟನ್ ಪಾದ್ರಿಗಳು ಎಂಬುದು ಹಸಿ ಸುಳ್ಳು. ಆ ಸುಳ್ಳನ್ನು ಅಲ್ಲಿನ ರಾಜಕಾರಣಿಗಳು, ಪಠ್ಯಪುಸ್ತಕ ಬರೆಯುವವರು, ದೊಡ್ಡ ಚರ್ಚುಗಳ ಉಪದೇಶಕರು ಇಂದಿಗೂ ಎಗ್ಗಿಲ್ಲದೆ ಹೇಳುತ್ತಾರೆ. ಅದನ್ನು ಅಲ್ಲಗಳೆಯಲು ಎರಡು ಇಸವಿ ಸಾಕು. 1630ರಲ್ಲಿ ಜಾನ್ ವಿನ್‌ಥ್ರಾಪ್‌ನನ್ನೂ ಅವನ ಜೊತೆಯವರನ್ನೂ ಹೊತ್ತ ಆರ್ಬೆಲಾ ಹಡಗು ಆ ತೀರ ಮುಟ್ಟಿತು. 1660ರ ಜೂನ್ 1ರಂದು ಬಾಸ್ಟನ್ನಿನಲ್ಲಿ ಮೇರಿ ಡೈಯರ್ ಎಂಬ ಹೆಣ್ಣುಮಗಳನ್ನು ನೇಣಿಗೆ ಹಾಕಲಾಯಿತು. ಕ್ವೇಕರ್ ಪಂಥವನ್ನು ಬಿಡಲೊಲ್ಲದೆ, ಗಡೀಪಾರಾದ ಮೇಲೂ ಮರಳಿ ಬಂದದ್ದು ಅವಳ ಅಪರಾಧ. ನಡುವಿನ ಅಂತರ 30 ವರ್ಷ. ತಮಗೆ ಸರಿಕಂಡಂತೆ ಪ್ರಾರ್ಥಿಸಲು ಕಡಲು ದಾಟಿ ಬಂದವರಿಗೆ, ಬೇರೆ ಬಗೆಯಲ್ಲಿ ಪ್ರಾರ್ಥಿಸಿದವಳ ಕೊರಳಿಗೆ ಹಗ್ಗ ಬಿಗಿಯಲು ಒಂದೇ ತಲೆಮಾರು ಸಾಕಾಯಿತು.

ವಿನ್‌ಥ್ರಾಪ್‌ನ ‘ಬೆಟ್ಟದ ಮೇಲಿನ ನಗರ’ದ ಉಪದೇಶವನ್ನು ಈಗ ಅಮೆರಿಕದ ಜನ್ಮಪತ್ರಿಕೆ ಎಂಬಂತೆ ಓದಲಾಗುತ್ತದೆ. 1961ರಲ್ಲಿ ಜಾನ್ ಕೆನಡಿ ಅದನ್ನು ನೆನೆದರು. 1989ರ ಬೀಳ್ಕೊಡುಗೆ ಭಾಷಣದಲ್ಲಿ ರೊನಾಲ್ಡ್ ರೇಗನ್ ಅದಕ್ಕೆ ಹೊಳಪು ಹಚ್ಚಿದರು. ಆದರೆ ಆ ಉಪದೇಶ ಅಚ್ಚಾದದ್ದು 1838ರಲ್ಲಿ. ಸ್ವಾತಂತ್ರ್ಯ ಘೋಷಣೆಯೂ ಸಂವಿಧಾನವೂ ಮಾತಿನ ಹಕ್ಕನ್ನು ಕಾಯುವ ಅದರ ಮೊದಲ ತಿದ್ದುಪಡಿಯೂ ಅದಕ್ಕೆ ಎಷ್ಟೋ ಮುಂಚೆಯೇ ಆಗಿಹೋಗಿದ್ದವು. ಎರಡು ಶತಮಾನ ಹಸ್ತಪ್ರತಿಯಾಗಿ ಮೂಲೆಯಲ್ಲಿ ಬಿದ್ದಿದ್ದ ಬರಹ ಒಂದು ದೇಶದ ಕಾನೂನನ್ನು ರೂಪಿಸಿತು ಎನ್ನುವುದು ಇತಿಹಾಸವಲ್ಲ, ಕಟ್ಟುಕಥೆ.

ಆ ಬೆಟ್ಟದ ಮೇಲಿನ ನಗರದಲ್ಲಿ ಮಾತಿಗೆ ಎಷ್ಟು ಜಾಗವಿತ್ತು ಎಂಬುದನ್ನು ಸೇಲಂನ ಪಾದ್ರಿ ರಾಜರ್ ವಿಲಿಯಮ್ಸ್ ಬಹುಬೇಗ ಕಂಡುಕೊಂಡ. ದೇವರ ವಿಷಯದಲ್ಲಿ ಮನುಷ್ಯನ ಅಂತಃಸಾಕ್ಷಿಯ ಮೇಲೆ ಸರ್ಕಾರಕ್ಕೆ ಅಧಿಕಾರವಿಲ್ಲ ಎಂದ. ಮೂಲನಿವಾಸಿಗಳ ನೆಲವನ್ನು ದಾನ ಕೊಡಲು ಇಂಗ್ಲೆಂಡಿನ ರಾಜ ಯಾರು ಎಂದೂ ಕೇಳಿದ. 1635ರ ಅಕ್ಟೋಬರಿನಲ್ಲಿ ಅವನಿಗೆ ಗಡೀಪಾರಿನ ಶಿಕ್ಷೆಯಾಯಿತು. ಹಿಡಿದು ಇಂಗ್ಲೆಂಡಿಗೆ ಸಾಗಿಸುವ ಸುದ್ದಿ ಕಿವಿಗೆ ಬಿದ್ದಾಗ, 1636ರ ಜನವರಿಯ ಹಿಮದಲ್ಲಿ ಮನೆ ಬಿಟ್ಟು ನಡೆದ. ಆಸರೆ ಕೊಟ್ಟವರು ಆ ಮೂಲನಿವಾಸಿಗಳೇ. ಅವರಿಂದ ಪಡೆದ ನೆಲದಲ್ಲಿ ಅವನು ಕಟ್ಟಿದ ಊರು ಪ್ರಾವಿಡೆನ್ಸ್. 1644ರಲ್ಲಿ ಅವನು ಮತಹಿಂಸೆಯ ವಿರುದ್ಧ ಬರೆದ ಪುಸ್ತಕ ಲಂಡನ್ನಿನಲ್ಲಿ ಹೊರಬಂತು. ತುರ್ಕರಿಗೂ ಯೆಹೂದಿಗಳಿಗೂ ವಿಗ್ರಹಾರಾಧಕರಿಗೂ ತಮ್ಮ ನಂಬಿಕೆಯ ಹಕ್ಕಿದೆ ಎಂದು ಅದರಲ್ಲಿ ವಾದಿಸಿದ್ದ. ಇಂಗ್ಲೆಂಡಿನ ಸಂಸತ್ತು ಅದನ್ನು ಸುಡಲು ಆಜ್ಞೆ ಮಾಡಿತು. ಬಾಸ್ಟನ್ನಿನ ದೊಡ್ಡ ಪಾದ್ರಿ ಜಾನ್ ಕಾಟನ್ 1647ರಲ್ಲಿ ಪುಸ್ತಕವೊಂದನ್ನೇ ಬರೆದು ಶಿಕ್ಷಿಸಿದವರ ಪರ ನಿಂತ. ಚರ್ಚನ್ನೂ ಲೌಕಿಕ ಜಗತ್ತನ್ನೂ ಬೇರ್ಪಡಿಸುವ ಗೋಡೆಯ ರೂಪಕವನ್ನು ವಿಲಿಯಮ್ಸ್ ಬಳಸಿದ್ದೂ 1644ರಲ್ಲೇ. ಆ ಗೋಡೆ ನಾಸ್ತಿಕರು ಕಟ್ಟಿದ್ದು ಎಂದು ಇಂದು ಕೂಗುವವರು ಇದನ್ನು ಓದಿಲ್ಲ. ಇಲ್ಲವೇ ಓದಿಯೂ ಮುಚ್ಚಿಡುತ್ತಾರೆ. ಅದನ್ನು ಮೊದಲು ಕೇಳಿದವನು ದೇವರಲ್ಲಿ ಅಚಲ ನಂಬಿಕೆಯಿದ್ದ ಉಪದೇಶಕ.

1637ರ ನವೆಂಬರಿನಲ್ಲಿ ಆ್ಯನ್ ಹಚಿನ್‌ಸನ್ ವಿಚಾರಣೆ ನಡೆಯಿತು. ಭಾನುವಾರದ ಉಪದೇಶವನ್ನು ತನ್ನ ಮನೆಯಲ್ಲಿ ನೆರೆಹೊರೆಯವರೊಂದಿಗೆ ಚರ್ಚಿಸುತ್ತಿದ್ದ ಸೂಲಗಿತ್ತಿ ಆಕೆ. ಪಾದ್ರಿಗಳ ಬೋಧನೆಯಲ್ಲೇ ತಪ್ಪು ಹುಡುಕಿದಳು ಎಂಬುದು ಆರೋಪ. ಆರೋಪ ಹೊರಿಸಿದವನೂ ನ್ಯಾಯಪೀಠದಲ್ಲಿ ಕುಳಿತವನೂ ವಿನ್‌ಥ್ರಾಪನೇ. ಯಾವ ಕಾನೂನು ಮುರಿದೆ ಎಂದು ಆಕೆ ಕೇಳಿದಳು. ನೇರ ಉತ್ತರ ಬರಲಿಲ್ಲ. ಗಡೀಪಾರಿನ ತೀರ್ಪು ಓದಿದ ಮೇಲೆ, ಯಾವ ಕಾರಣಕ್ಕೆ ಎಂದು ಮತ್ತೆ ಕೇಳಿದಳು. ಕಾರಣ ನ್ಯಾಯಾಲಯಕ್ಕೆ ಗೊತ್ತಿದೆ, ನ್ಯಾಯಾಲಯಕ್ಕೆ ಸಮಾಧಾನವಾಗಿದೆ, ಇನ್ನು ಮಾತು ಬೇಡ ಎಂಬರ್ಥದಲ್ಲಿ ವಿನ್‌ಥ್ರಾಪ್ ಅವಳ ಬಾಯಿ ಮುಚ್ಚಿಸಿದ. ವಾಕ್ ಸ್ವಾತಂತ್ರ್ಯದ ಪಿತಾಮಹನ ಮಾತು ಇದು! 1650ರಲ್ಲಿ ವಿಲಿಯಂ ಪಿಂಚನ್ ಎಂಬ ಗಣ್ಯ ವ್ಯಾಪಾರಿ ಬರೆದ ಧಾರ್ಮಿಕ ಪುಸ್ತಕವನ್ನು ಅದೇ ವಸಾಹತು ಬಾಸ್ಟನ್ನಿನಲ್ಲಿ ಎಲ್ಲರೆದುರು ಸುಡಿಸಿತು.

ಮೇರಿ ಡೈಯರ್‌ಳನ್ನು ನೇಣುಗಂಬಕ್ಕೆ ಒಯ್ದದ್ದು ಒಂದು ಸಲವಲ್ಲ, ಎರಡು ಸಲ. 1659ರ ಅಕ್ಟೋಬರ್ 27ರಂದು ವಿಲಿಯಂ ರಾಬಿನ್‌ಸನ್, ಮಾರ್ಮಡ್ಯೂಕ್ ಸ್ಟೀಫನ್‌ಸನ್ ಎಂಬಿಬ್ಬರು ಕ್ವೇಕರರ ಜೊತೆ ಅವಳನ್ನು ನಡೆಸಿಕೊಂಡು ಹೋದರು. ದಾರಿಯುದ್ದಕ್ಕೂ ಸೈನಿಕರು ಡೋಲು ಬಡಿಯುತ್ತಿದ್ದರು. ಅದು ಮೆರವಣಿಗೆಯ ಡೋಲಲ್ಲ. ಸಾಯಲು ಹೊರಟವರು ಜನರಿಗೆ ಏನಾದರೂ ಹೇಳಿಯಾರು, ಜನ ಅದನ್ನು ಕೇಳಿಯಾರು ಎಂಬ ಭಯಕ್ಕೆ ಬಡಿದ ಡೋಲು. ಕಣ್ಣೆದುರೇ ಜೊತೆಗಾರರಿಬ್ಬರೂ ನೇತಾಡಿದರು. ಅವಳ ಕೈಕಾಲು ಕಟ್ಟಿ, ಕೊರಳಿಗೆ ಕುಣಿಕೆ ಹಾಕಿ, ಒಂದು ಕಾಲಕ್ಕೆ ಅವಳದೇ ಚರ್ಚಿನ ಪಾದ್ರಿಯಾಗಿದ್ದ ಜಾನ್ ವಿಲ್ಸನ್ ಕೊಟ್ಟ ಕರವಸ್ತ್ರದಿಂದ ಮುಖ ಮುಚ್ಚಿದರು. ಕೊನೆಯ ಗಳಿಗೆಯಲ್ಲಿ ಕ್ಷಮಾದಾನ ಓದಿ ಇಳಿಸಿದರು. ಮುಂದಿನ ವಸಂತದಲ್ಲಿ ಅವಳು ಮರಳಿ ಬಂದಳು. ಆ ಬಾರಿ ಇಳಿಸಲಿಲ್ಲ. 1661ರ ಮಾರ್ಚಿನಲ್ಲಿ ನಾಲ್ಕನೆಯ ಕ್ವೇಕರನನ್ನೂ ಕೊಂದರು. ಈ ಕೊಲೆಗಳಿಗೆ ತಡೆ ಬಿದ್ದದ್ದು ಬಾಸ್ಟನ್ನಿನ ಯಾವ ಪಾದ್ರಿಯ ಮನಸ್ಸು ಕರಗಿದ್ದರಿಂದಲೂ ಅಲ್ಲ. ಅದೇ ವರ್ಷ ಲಂಡನ್ನಿನಿಂದ ಬಂದ ಎರಡನೆಯ ಚಾರ್ಲ್ಸ್ ದೊರೆಯ ಆಜ್ಞೆಯಿಂದ. ಯಾವ ಸಿಂಹಾಸನದ ಕಾಟ ತಾಳದೆ ಓಡಿ ಬಂದೆವು ಎಂದರೋ, ಆ ಸಿಂಹಾಸನವೇ ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು. 30 ವರ್ಷ, ಡೋಲು, ಪಾದ್ರಿಯ ಕರವಸ್ತ್ರ: ಇಷ್ಟನ್ನು ಎದುರಿಗಿಟ್ಟುಕೊಂಡು ಪ್ಯೂರಿಟನ್ ಪರಂಪರೆಯ ಬಗ್ಗೆ ಮಾತಾಡಬೇಕು.

ಮುದ್ರಣದ ಕಥೆಯೂ ಇದಕ್ಕಿಂತ ಬೇರೆಯಲ್ಲ. 1690ರ ಸೆಪ್ಟೆಂಬರ್ 25ರಂದು ಬೆಂಜಮಿನ್ ಹ್ಯಾರಿಸ್ ಬಾಸ್ಟನ್ನಿನಲ್ಲಿ ಒಂದು ಸುದ್ದಿಪತ್ರಿಕೆ ತಂದ; ಮೂರು ಪುಟ ಅಚ್ಚು, ನಾಲ್ಕನೆಯದು ಖಾಲಿ. ಪರವಾನಗಿ ಇಲ್ಲವೆಂದು ಆಡಳಿತ ಮೊದಲ ಸಂಚಿಕೆಯನ್ನೇ ಕೊನೆಯದಾಗಿಸಿತು. 1722ರಲ್ಲಿ ಜೇಮ್ಸ್ ಫ್ರಾಂಕ್ಲಿನ್ ಜೈಲು ಸೇರಿದ. ಕಡಲ್ಗಳ್ಳರನ್ನು ಹಿಡಿಯಲು ಸರ್ಕಾರಕ್ಕೆ ಆತುರವಿಲ್ಲ ಎಂಬ ಧ್ವನಿ ಅವನ ‘ನ್ಯೂ ಇಂಗ್ಲೆಂಡ್ ಕೂರಂಟ್’ ಪತ್ರಿಕೆಯಲ್ಲಿ ಬಂದಿತ್ತು. ಅವನ 16 ವರ್ಷದ ತಮ್ಮ ಬೆಂಜಮಿನ್ ಅದೇ ವರ್ಷ ಸೈಲೆನ್ಸ್ ಡೂಗುಡ್ ಎಂಬ ವಿಧವೆಯ ಹೆಸರಿನಲ್ಲಿ 14 ಪತ್ರ ಬರೆದ. ಬರೆದವರು ಯಾರೆಂದು ಅಣ್ಣನಿಗೂ ತಿಳಿಯದಂತೆ ರಾತ್ರಿ ಅಚ್ಚುಕೂಟದ ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದ. ಅಣ್ಣ ಸೆರೆಯಲ್ಲಿದ್ದಾಗ, ಮಾತಿನ ಸ್ವಾತಂತ್ರ್ಯದ ಮೇಲೆ ಇಂಗ್ಲೆಂಡಿನ ಇಬ್ಬರು ಬರಹಗಾರರು ಬರೆದಿದ್ದ ಲೇಖನವನ್ನೇ ಒಂದು ಪತ್ರದಲ್ಲಿ ಎತ್ತಿ ಹಾಕಿದ. ಈ ಪತ್ರಿಕೆಯ ಬಗ್ಗೆ ಒಂದು ಸತ್ಯವನ್ನು ಒಪ್ಪಿಕೊಳ್ಳಲೇಬೇಕು: 1721ರ ಸಿಡುಬಿನ ಹಾವಳಿಯಲ್ಲಿ ಅದು ಚುಚ್ಚುಮದ್ದನ್ನು ವಿರೋಧಿಸಿತು, ಅದನ್ನು ಬೆಂಬಲಿಸಿದ ಪಾದ್ರಿ ಕಾಟನ್ ಮೇದರ್ ಹೇಳಿದ್ದೇ ಸರಿಯಾಗಿತ್ತು. ಆದರೆ ಮಾತಿನ ಹಕ್ಕು ಸರಿಯಾದ ಮಾತಿಗೆ ಮಾತ್ರ ಸಿಗುವ ಬಹುಮಾನವಲ್ಲ. ಸರಿ ಹೇಳಿದವರಿಗೆ ಮಾತ್ರ ಬಾಯಿ ಬಿಡಲು ಅನುಮತಿ ಎಂದರೆ, ಆ ಅನುಮತಿ ಕೊಡುವವನು ಯಾವಾಗಲೂ ಅಧಿಕಾರದಲ್ಲಿದ್ದವನೇ.

ನ್ಯೂಯಾರ್ಕಿನ ಮುದ್ರಕ ಜಾನ್ ಪೀಟರ್ ಜೆಂಗರ್ 1735ರ ಆಗಸ್ಟಿನಲ್ಲಿ ಖುಲಾಸೆಯಾದ. ಗವರ್ನರ್ ವಿಲಿಯಂ ಕಾಸ್ಬಿಯ ಬಗ್ಗೆ ಅಚ್ಚಾದ ಟೀಕೆ ನಿಜವಾಗಿದ್ದರೆ ಅದು ಅಪರಾಧವಲ್ಲ ಎಂಬ ವಕೀಲ ಆಂಡ್ರ್ಯೂ ಹ್ಯಾಮಿಲ್ಟನ್‌ನ ವಾದವನ್ನು ಜ್ಯೂರಿಯ ಸಾಮಾನ್ಯ ಜನ ಒಪ್ಪಿದರು. ಅವನು ಸೆರೆಯಲ್ಲಿದ್ದ ತಿಂಗಳುಗಳಲ್ಲಿ ಪತ್ರಿಕೆ ನಿಲ್ಲದಂತೆ ನಡೆಸಿದವಳು ಹೆಂಡತಿ ಆ್ಯನಾ.

ಮೊದಲ ತಿದ್ದುಪಡಿಯ ಹಿಂದಿನ ನಿಜವಾದ ಒತ್ತಡ ವರ್ಜೀನಿಯಾದ ಜೈಲುಗಳಿಂದ ಬಂತು. ಸರ್ಕಾರದ ಪರವಾನಗಿ ಇಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟರನ್ನು 1760 ಮತ್ತು 70ರ ದಶಕಗಳಲ್ಲಿ ಅಲ್ಲಿ ಸೆರೆಗೆ ಹಾಕುತ್ತಿದ್ದರು. ಅವರು ಜೈಲಿನ ಕಿಟಕಿಯ ಸರಳುಗಳ ಹಿಂದಿನಿಂದಲೇ ಉಪದೇಶ ಮುಂದುವರಿಸುತ್ತಿದ್ದರು. ನೆರೆಯ ಕೌಂಟಿಯಲ್ಲಿ ಐದಾರು ಮಂದಿ ಸಜ್ಜನರು ತಮ್ಮ ಧರ್ಮದ ಮಾತು ಬಹಿರಂಗವಾಗಿ ಸಾರಿದ್ದಕ್ಕೆ ಬಂದಿಯಾಗಿದ್ದಾರೆ ಎಂದು 1774ರ ಜನವರಿಯಲ್ಲಿ ಗೆಳೆಯನಿಗೆ ಕೋಪದಿಂದ ಪತ್ರ ಬರೆದವನು 22 ವರ್ಷದ ಜೇಮ್ಸ್ ಮ್ಯಾಡಿಸನ್. 1791ರ ಡಿಸೆಂಬರ್ 15ರಂದು ಜಾರಿಗೆ ಬಂದ ತಿದ್ದುಪಡಿಯನ್ನು ಮಂಡಿಸಿದವನೂ ಅವನೇ. ಧರ್ಮ, ಮಾತು, ಮುದ್ರಣ, ಸಭೆ, ಅಹವಾಲು ಈ ಐದೂ ಒಂದೇ ವಾಕ್ಯದಲ್ಲಿ ಸೇರಿರುವುದು ಆಕಸ್ಮಿಕವಲ್ಲ. ಕಿಟಕಿಯ ಸರಳು ಹಿಡಿದು ನಿಂತವನಿಂದ ಕಿತ್ತುಕೊಂಡಿದ್ದು ಈ ಐದನ್ನೂ. ಜ್ಞಾನೋದಯದ ಗ್ರಂಥಗಳಿಂದಲೇ ಎಲ್ಲವೂ ಬಂತು ಎನ್ನುವ ವಿದ್ವಾಂಸರು ಈ ಜೈಲುಗಳನ್ನು ಅಡಿಟಿಪ್ಪಣಿಗೆ ತಳ್ಳಿದ್ದೂ ದೊಡ್ಡ ಅನ್ಯಾಯ.

ತಿದ್ದುಪಡಿಯ ಶಾಯಿ ಆರಿ ಏಳು ವರ್ಷವೂ ಆಗಿರಲಿಲ್ಲ. 1798ರ ರಾಜದ್ರೋಹ ಕಾಯ್ದೆ ಬಂತು. ವರ್ಮಾಂಟಿನ ಸಂಸದ ಮ್ಯಾಥ್ಯೂ ಲಯನ್ ಅಧ್ಯಕ್ಷರನ್ನು ಟೀಕಿಸಿ ಜೈಲು ಸೇರಿದ, ಜೈಲಿನಲ್ಲಿದ್ದುಕೊಂಡೇ ಮರು ಆಯ್ಕೆಯಾದ. 1802ರ ಜನವರಿ 1ರಂದು ಬ್ಯಾಪ್ಟಿಸ್ಟ್ ಉಪದೇಶಕ ಜಾನ್ ಲೆಲ್ಯಾಂಡ್ ಮ್ಯಾಸಚೂಸೆಟ್ಸಿನ ಚೆಷೈರ್ ಊರಿನವರು ಮಾಡಿದ 1,235 ಪೌಂಡ್ ತೂಕದ ಒಂದೇ ಚೀಸ್ ಮುದ್ದೆಯನ್ನು ಅಧ್ಯಕ್ಷ ಥಾಮಸ್ ಜೆಫರ್ಸನ್‌ಗೆ ಒಪ್ಪಿಸಿದ. ಸರ್ಕಾರದ ಚರ್ಚಿನಿಂದ ಬಿಡುಗಡೆ ಬೇಡುತ್ತಿದ್ದ ರೈತರ ಕೃತಜ್ಞತೆ ಅದು. ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಜೆಫರ್ಸನ್ ಪ್ರತ್ಯೇಕತೆಯ ಗೋಡೆಯ ಪತ್ರ ಬರೆದದ್ದೂ ಅದೇ ದಿನ. ಮ್ಯಾಸಚೂಸೆಟ್ಸ್ ಮಾತ್ರ ಚರ್ಚಿನ ತೆರಿಗೆಯನ್ನು 1833ರವರೆಗೆ ಕೈಬಿಡಲಿಲ್ಲ. 1837ರ ನವೆಂಬರ್ 7ರಂದು ಇಲಿನಾಯ್‌ನ ಆಲ್ಟನ್‌ನಲ್ಲಿ ಗುಲಾಮಗಿರಿಯ ವಿರುದ್ಧ ಬರೆಯುತ್ತಿದ್ದ ಪಾದ್ರಿ, ಸಂಪಾದಕ ಎಲೈಜಾ ಲವ್‌ಜಾಯ್ ತನ್ನ ಅಚ್ಚುಯಂತ್ರವನ್ನು ಕಾಯುತ್ತ ದೊಂಬಿಯ ಗುಂಡಿಗೆ ಬಲಿಯಾದ. 1838ರಲ್ಲಿ ಹಾರ್ವರ್ಡಿನ ದೈವಶಾಸ್ತ್ರ ಶಾಲೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಿದ ರಾಲ್ಫ್ ವಾಲ್ಡೊ ಎಮರ್ಸನ್‌ಗೆ ಸುಮಾರು ಮೂರು ದಶಕ ಆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು.

ಮ್ಯಾಸಚೂಸೆಟ್ಸ್ ತಾನು ಶಿಕ್ಷಿಸಿದವರಲ್ಲಿ ಕೆಲವರ ಕ್ಷಮೆಯನ್ನೇನೋ ಕೇಳಿದೆ. ವಿಲಿಯಮ್ಸ್‌ನ ಗಡೀಪಾರು ರದ್ದಾದದ್ದು 1936ರಲ್ಲಿ, ಹಚಿನ್‌ಸನ್‌ಳದ್ದು 1987ರಲ್ಲಿ. ಬಾಸ್ಟನ್ನಿನ ಶಾಸನಭವನದ ಮುಂದೆ 1959ರಿಂದ ಡೈಯರ್ ಕಂಚಿನ ಪ್ರತಿಮೆಯಾಗಿ ಕುಳಿತಿದ್ದಾಳೆ. ಬದುಕಿದ್ದಾಗ ಹಗ್ಗ, ಮುನ್ನೂರು ವರ್ಷದ ಮೇಲೆ ಕಂಚು: ಎಲ್ಲ ದೇಶಗಳ ಅಧಿಕಾರಸ್ಥರಿಗೂ ಈ ಚಾಳಿ ಇದೆ. ಕೊಂದವರ ಪರಂಪರೆಯೇ ಕೊಲೆಯಾದವರ ಹೆಸರಿನಲ್ಲಿ ಹಾರ ಹಾಕಿಸಿಕೊಳ್ಳುತ್ತದೆ. ಮಕ್ಕಳು ಆ ಪ್ರತಿಮೆಯನ್ನು ನೋಡಿ ಬರುತ್ತಾರೆ, ಡೋಲಿನ ವಿಷಯ ಅವರ ಪಾಠದಲ್ಲಿ ಇರುವುದಿಲ್ಲ. ಅದನ್ನು ಹೇಳದ ಪಾಠ ಪಾಠವೇ ಅಲ್ಲ.

20ನೆಯ ಶತಮಾನದ ನ್ಯಾಯಾಲಯಗಳಲ್ಲಿ ಮೊದಲ ತಿದ್ದುಪಡಿಗೆ ಜೀವ ತುಂಬಿದವರೂ ಬೀದಿಯ ಉಪದೇಶಕರೇ. 1938ರ ಲವೆಲ್ ಪ್ರಕರಣದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮಹಿಳೆಯೊಬ್ಬಳು ಅನುಮತಿಯಿಲ್ಲದೆ ಕರಪತ್ರ ಹಂಚಿದ್ದಳು. ಮುದ್ರಣ ಸ್ವಾತಂತ್ರ್ಯ ಪತ್ರಿಕೆಗಳಿಗಷ್ಟೇ ಸೀಮಿತವಲ್ಲ ಎಂದು ತೀರ್ಪಿತ್ತ ಸುಪ್ರೀಂ ಕೋರ್ಟ್, 1776ರಲ್ಲಿ ಕರಪತ್ರದಿಂದಲೇ ದೇಶವನ್ನು ಬಡಿದೆಬ್ಬಿಸಿದ ಥಾಮಸ್ ಪೇನ್‌ನನ್ನು ನೆನೆಯಿತು. ಶಾಲಾಮಕ್ಕಳು ಧ್ವಜವಂದನೆ ಮಾಡಲೇಬೇಕು ಎಂದು 1940ರಲ್ಲಿ ಹೇಳಿದ್ದ ಅದೇ ಕೋರ್ಟ್ 1943ರ ಬಾರ್ನೆಟ್ ಪ್ರಕರಣದಲ್ಲಿ ತನ್ನ ಮಾತನ್ನು ತಾನೇ ಅಳಿಸಿತು. ಆ ತೀರ್ಪು ಭಾರತದವರೆಗೂ ಬಂತು: 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ, ಗೌರವದಿಂದ ಎದ್ದು ನಿಂತರೂ ರಾಷ್ಟ್ರಗೀತೆ ಹಾಡದ್ದಕ್ಕೆ ಶಾಲೆಯಿಂದ ಹೊರಹಾಕಲ್ಪಟ್ಟ ಕೇರಳದ ಅದೇ ಪಂಥದ ಮೂವರು ಮಕ್ಕಳ ಪರ ಭಾರತದ ಸುಪ್ರೀಂ ಕೋರ್ಟ್ ನಿಂತಾಗ ಈ ಅಮೆರಿಕನ್ ತೀರ್ಪುಗಳನ್ನು ಚರ್ಚಿಸಿತು. ಕರ್ನಾಟಕದ ಶಾಲೆಗಳಿಗೂ ಅನ್ವಯಿಸುವ ಕಾನೂನು ಅದು. 1995ರಲ್ಲಿ ಓಹಾಯೋದ ಗೃಹಿಣಿಯೊಬ್ಬರು ಹೆಸರು ಹಾಕದೆ ಕರಪತ್ರ ಹಂಚಿದ್ದಕ್ಕೆ ಬಿದ್ದಿದ್ದ 100 ಡಾಲರ್ ದಂಡವನ್ನು ಅಮೆರಿಕದ ಕೋರ್ಟ್ ತಳ್ಳಿಹಾಕಿತು. ಬಾಗಿಲ ಸಂದಿಯಲ್ಲಿ ಪತ್ರ ತೂರಿಸಿದ ಹುಡುಗನ ಹಕ್ಕೂ ಅದೇ ಆಗಿತ್ತು.

ಈಗ ಪುಸ್ತಕ ಸುಡುವುದಿಲ್ಲ, ಶಾಲೆಯ ಗ್ರಂಥಾಲಯದ ಕಪಾಟಿನಿಂದ ತೆಗೆಯುತ್ತಾರೆ. 2023-24ರ ಶಾಲಾ ವರ್ಷ ಒಂದರಲ್ಲೇ ಅಮೆರಿಕದ ಸಾರ್ವಜನಿಕ ಶಾಲೆಗಳಲ್ಲಿ ಇಂಥ 10,046 ಪ್ರಕರಣಗಳನ್ನು ಪೆನ್ ಅಮೆರಿಕ ಸಂಸ್ಥೆ ದಾಖಲಿಸಿದೆ. ಇದಕ್ಕೆ ದೇಶದ ಧಾರ್ಮಿಕ ಪರಂಪರೆಯ ಹೆಸರು ಹೇಳುವವರು ಒಂದರ್ಥದಲ್ಲಿ ನಿಜವನ್ನೇ ಹೇಳುತ್ತಿದ್ದಾರೆ. ಪಿಂಚನ್‌ನ ಪುಸ್ತಕಕ್ಕೆ ಬೆಂಕಿಯಿಟ್ಟವರ ಪರಂಪರೆಯೂ ಆ ದೇಶದಲ್ಲಿದೆ, ಇವರು ಅದರ ವಾರಸುದಾರರು. ಅದನ್ನು ಸ್ವಾತಂತ್ರ್ಯದ ಪರಂಪರೆ ಎಂದು ಕರೆಯಲು ಮಾತ್ರ ಅವರಿಗೆ ಹಕ್ಕಿಲ್ಲ. 2024ರ ಜೂನ್‌ನಲ್ಲಿ ಲೂಯಿಸಿಯಾನ ರಾಜ್ಯ ಪ್ರತಿ ಸಾರ್ವಜನಿಕ ತರಗತಿಯ ಗೋಡೆಯ ಮೇಲೂ ಬೈಬಲ್ಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂದು ಕಾನೂನು ಮಾಡಿತು. ಕೆಂಟಕಿಯ ಇಂಥದ್ದೇ ಕಾನೂನನ್ನು 1980ರಲ್ಲೇ ಸುಪ್ರೀಂ ಕೋರ್ಟ್ ಹೊಡೆದುಹಾಕಿತ್ತು. ಲೂಯಿಸಿಯಾನದ ಕಾನೂನಿಗೆ ಸಹಿ ಬಿದ್ದ ಕೆಲವೇ ದಿನಗಳಲ್ಲಿ ಒಂಬತ್ತು ಕುಟುಂಬಗಳು ಅದರ ವಿರುದ್ಧ ದಾವೆ ಹೂಡಿದವು. ಅರ್ಜಿ ಹಾಕಿದ ತಂದೆತಾಯಿಗಳಲ್ಲಿ ಪಾದ್ರಿಗಳೂ ಇದ್ದರು.