ಮಿಡಿ ಉದುರಿದ ತಕ್ಷಣ ಔಷಧಿ ಅಂಗಡಿಗೆ ಓಡಬೇಡಿ

"ಹಿತ್ತಲ ಕುಂಬಳದಲ್ಲಿ ಮಿಡಿ ಉದುರ್ತಿದೆ ಸರ್, ಯಾವ ಔಷಧಿ ಹೊಡೀಲಿ?" ವಾಟ್ಸಾಪ್‌ನಲ್ಲಿ ನನಗೆ ಪದೇ ಪದೇ ಬರೋ ಪ್ರಶ್ನೆ ಇದು. ಸದ್ಯಕ್ಕೆ ಯಾವುದೂ ಬೇಡ ಅಂತೀನಿ. ಮೊದಲು ಹೂವು ನೋಡಿ.

ಕುಂಬಳ, ಸೋರೆ, ಹೀರೆ, ಕಲ್ಲಂಗಡಿ ಬಳ್ಳಿಗಳಲ್ಲಿ ಹೆಚ್ಚಾಗಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಎಸಳಿನ ಹಿಂದೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಸಾಮಾನ್ಯವಾಗಿ ಮೊದಲು ಬಿಡೋದು ಗಂಡು ಹೂಗಳೇ. ಅವು ಉದುರೋದು ಸಹಜ, ಗಾಬರಿ ಬೇಡ. ಆದರೆ ಹೆಣ್ಣು ಹೂ ಬಾಡಿದ ಮೇಲೆ ಮಿಡಿ ದಪ್ಪ ಆಗದೆ ಹಳದಿ ತಿರುಗಿದ್ರೆ, ಬಹಳಷ್ಟು ಸಲ ಅದಕ್ಕೆ ಪರಾಗ ತಲುಪಿಲ್ಲ ಅಂತಲೇ ಅರ್ಥ. ಈ ಪರಾಗ ಅಂಟಂಟು, ಗಾಳಿಗೆ ಹಾರಲ್ಲ. ಜೇನು ಬಂದೇ ಹೊತ್ತೊಯ್ಯಬೇಕು. ಔಷಧಿ ಹೊಡೆದು ಜೇನನ್ನೇ ಕೊಂದ್ರೆ ಕಾಯಿ ಎಲ್ಲಿಂದ ಬರುತ್ತೆ? ಮತ್ತೆ ಉದುರುತ್ತೆ, ಮತ್ತೆ ಹೊಡೀತೀವಿ.

ಹಿತ್ತಲಲ್ಲಿ ಇರೋದು ನಾಲ್ಕೈದು ಬಳ್ಳಿ. ಜೇನು ಕಾಣದಿದ್ರೆ ಆ ಕೆಲಸ ನೀವೇ ಮಾಡಿ, ಹತ್ತು ನಿಮಿಷ ಸಾಕು. ಕುಂಬಳದ ಹೂ ನಸುಕಿಗೆ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡುತ್ತೆ. ಹಾಗಾಗಿ ಎದ್ದ ಕೂಡಲೇ ಹೋಗಿ. ಅವತ್ತು ಅರಳಿದ ಗಂಡು ಹೂ ಕಿತ್ತು, ಎಸಳು ಸುಲಿದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯದ ಗಂಟಿಗೆ ಸುತ್ತಲೂ ಮೆತ್ತಗೆ ಸವರಿ. ಒಂದೇ ಕಡೆ ತಾಗಿಸಿದ್ರೆ ಕಾಯಿ ಸೊಟ್ಟ ಆಗಬಹುದು. ಸೋರೆ, ಹೀರೆ ಹೂ ಅರಳೋದು ಸಂಜೆ ಕಡೆ, ಅವಕ್ಕೆ ಆಗ ಹೋಗಿ. ಮಿಕ್ಕ ಕುಂಬಳದ ಗಂಡು ಹೂವಿಗೆ ಕಡಲೆಹಿಟ್ಟು ಇದ್ದೇ ಇದೆ, ಬಜ್ಜಿ ಚೆನ್ನಾಗಿರುತ್ತೆ.

ಎಕರೆಗಟ್ಟಲೆ ಕಲ್ಲಂಗಡಿ ಹಾಕಿದವರಿಗೆ ಈ ಕೈಕೆಲಸ ಆಗಲ್ಲ ಅಂತ ಕೆಲವರು ವಾದ ಮಾಡ್ತಾರೆ. ಒಪ್ತೀನಿ. ಅವರು ಹೊಲದಲ್ಲಿ ಜೇನುಪೆಟ್ಟಿಗೆ ಇಡಲಿ. ಆದರೆ ಹಿತ್ತಲ ಲೆಕ್ಕವೇ ಬೇರೆ. ದಿನ ಬಿಟ್ಟು ದಿನ ಕಿತ್ತ ಹೀರೆಕಾಯಿ ಅವತ್ತೇ ಮಕ್ಕಳ ತಟ್ಟೆಗೆ ಬೀಳುತ್ತೆ. ಔಷಧಿ ಹೊಡೆದ ಮೇಲೆ ಎಷ್ಟು ದಿನ ಕೀಳಬಾರದು ಅಂತ ಡಬ್ಬಿ ಮೇಲೆ ಬರೆದಿರೋದನ್ನ ಅಡುಗೆಮನೆಯಲ್ಲಿ ಯಾರು ಓದ್ತಾರೆ?

ಮಿಡಿ ಮೇಲೆ ಚುಚ್ಚಿದ ಗುರುತಿದ್ದು ಒಳಗೆ ಹುಳ ಕಂಡ್ರೆ ಮಾತು ಬೇರೆ, ಅದು ಹಣ್ಣುನೊಣ. ಕಾಯೊಳಗೆ ಸೇರಿದ ಹುಳಕ್ಕೆ ಮೇಲೆ ಹೊಡೆದ ಔಷಧಿ ಅಷ್ಟಾಗಿ ತಾಗಲ್ಲ. ಕ್ಯೂ ಲ್ಯೂರ್ ಇರುವ ಮೋಹಕ ಬಲೆ ಕಟ್ಟಿದ್ರೆ ಗಂಡು ನೊಣಗಳು ಬೀಳ್ತವೆ. ಕಾಯಿ ಕಚ್ಚಿದ ಮೇಲೆ ಕಾಗದದ ಚೀಲ ಕಟ್ಟಿ. ಹುಳ ಬಿದ್ದ ಕಾಯಿ ತಿಪ್ಪೆಗೆ ಎಸೀಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿಗೆ ಇಡಿ.